ನವೆಂಬರ್ ಕಾಡು, ಕಿತ್ತಳೆ ಟೋಪಿ: ಪೆನ್ಸಿಲ್ವೇನಿಯಾಕ್ಕೆ ಹೊಸದಾಗಿ ಬಂದವರಿಗೆ

ಪ್ರತಿ ವರ್ಷ ಎಲೆ ಉದುರುವ ಹೊತ್ತಿಗೆ ನನಗೆ ಒಂದೇ ಥರದ ಫೋನ್ ಬರುತ್ತದೆ. "ಅಣ್ಣ, ಟ್ರೆಕ್ಕಿಂಗ್ ಹೋಗಿದ್ವಿ, ಹತ್ತಿರದಲ್ಲೇ ಗುಂಡಿನ ಸದ್ದು ಕೇಳಿಸ್ತು, ಪೊಲೀಸರಿಗೆ ಹೇಳ್ಬೇಕಾ?" ಬೇಡ ಮಾರಾಯ. ನೀವು ಹೋಗಿದ್ದು ಪಾರ್ಕಿಗಲ್ಲ, ಸ್ಟೇಟ್ ಗೇಮ್ ಲ್ಯಾಂಡಿಗೆ. ಅದು ಇರುವುದೇ ಬೇಟೆಗಾಗಿ. ನಡೆದಾಡಲು ಹೋದ ನಾವು ಅಲ್ಲಿ ನೆಂಟರು.

ನನ್ನ ಊರು ಸಕಲೇಶಪುರದ ಕಡೆ. ಇಲ್ಲಿಗೆ ಬಂದು ಹದಿನೆಂಟು ವರ್ಷವಾಯಿತು. ಊರಿನ ಮನೆಯಲ್ಲಿ ಜೋಡಿ ನಳಿಗೆಯ ತೋಟದ ಕೋವಿ ಇತ್ತು. ಚುನಾವಣೆ ಬಂದಾಗಲೆಲ್ಲ ಅಪ್ಪ ಅದನ್ನು ಗೋಣಿಚೀಲದಲ್ಲಿ ಸುತ್ತಿ ಸ್ಟೇಷನ್ನಿಗೆ ಒಪ್ಪಿಸಿ ಬರುತ್ತಿದ್ದರು, ಫಲಿತಾಂಶ ಬಂದ ಮೇಲೆ ಮತ್ತೆ ತರುತ್ತಿದ್ದರು. ಹಾಗಾಗಿ ಕೋವಿ ನನಗೇನು ಹೊಸದಲ್ಲ ಅನ್ನುವ ಜಂಬ ಇತ್ತು. ಆ ಜಂಬ ಇಲ್ಲಿ ನನ್ನಿಂದ ಏನು ಮಾಡಿಸಿತು ಅಂತ ಆಮೇಲೆ ಹೇಳುತ್ತೇನೆ. ಮೊದಲು ನಿಮ್ಮ ವೀಸಾ ವಿಷಯ.

ಎಚ್-1ಬಿ, ಎಚ್-4, ಎಲ್-1, ಎಫ್-1, ಇಂಥ ವೀಸಾದ ಮೇಲೆ ಬಂದವರು ಬಂದೂಕಾಗಲಿ ತೋಟಾ ಆಗಲಿ ಇಟ್ಟುಕೊಳ್ಳುವಂತಿಲ್ಲ ಅನ್ನುತ್ತದೆ ಅಮೆರಿಕದ ಫೆಡರಲ್ ಕಾನೂನು. ಕೆಲವು ವಿನಾಯಿತಿಗಳಿವೆ. ನಮ್ಮಂಥವರಿಗೆ ಉಪಯೋಗಕ್ಕೆ ಬರುವುದು ಒಂದೇ: ಇಲ್ಲಿನ ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಹಂಟಿಂಗ್ ಲೈಸೆನ್ಸ್ ನಿಮ್ಮ ಹತ್ತಿರ ಇರಬೇಕು. "ಇಟ್ಟುಕೊಳ್ಳುವುದು" ಅಂದರೆ ಅಂಗಡಿಯಲ್ಲಿ ಕೊಳ್ಳುವುದು ಮಾತ್ರ ಅಂತ ತಿಳಿಯಬೇಡಿ, ಕೈಯಲ್ಲಿ ಹಿಡಿದರೂ ಅದೇ ಲೆಕ್ಕ. ಬಂದ ಮೂರನೇ ತಿಂಗಳಿಗೆ ಆಫೀಸಿನ ಗೆಳೆಯನ ಜೊತೆ ಶೂಟಿಂಗ್ ರೇಂಜಿಗೆ ಹೋಗಿ, ಬಾಡಿಗೆ ಪಿಸ್ತೂಲು ಹಿಡಿದು, ಕೂಲಿಂಗ್ ಗ್ಲಾಸ್ ಹಾಕಿ ಫೋಟೋ ಹಾಕುವ ಹುಡುಗರನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಲೈಸೆನ್ಸ್ ಇಲ್ಲದಿದ್ದರೆ ಅದು ಫೆಡರಲ್ ಅಪರಾಧ, ಸಾಕ್ಷಿಯನ್ನು ನೀವೇ ಊರಿಗೆಲ್ಲ ಹಂಚಿದ ಹಾಗೆ. ಗ್ರೀನ್ ಕಾರ್ಡ್ ಆದ ಮೇಲೆ ಈ ತಡೆ ಇಲ್ಲ, ಆದರೆ ಬಂದೂಕಿನ ಕೇಸಿನಲ್ಲಿ ಶಿಕ್ಷೆಯಾದರೆ ಗ್ರೀನ್ ಕಾರ್ಡ್ ಇದ್ದವರನ್ನೂ ದೇಶದಿಂದ ಹೊರಗೆ ಕಳಿಸಬಹುದು. ಇನ್ನೊಂದು ಸೂಕ್ಷ್ಮ ಇದೆ. ಪೆನ್ಸಿಲ್ವೇನಿಯಾದ ಲೈಸೆನ್ಸ್ ವರ್ಷ ಜುಲೈ 1ರಿಂದ ಜೂನ್ 30ರವರೆಗೆ. ಜೂನ್ 30ರ ರಾತ್ರಿ ಲೈಸೆನ್ಸ್ ಮುಗಿಯುತ್ತದೆ, ಕಪಾಟಿನಲ್ಲಿರುವ ರೈಫಲ್ ಅಲ್ಲೇ ಇರುತ್ತದೆ. ಎಚ್-1ಬಿಯಲ್ಲಿ ಇರುವವರು ಹೊಸದನ್ನು ಅದಕ್ಕೆ ಮೊದಲೇ ಮಾಡಿಸಿಟ್ಟುಕೊಳ್ಳಿ. ನಾನು ಸಾಫ್ಟ್‌ವೇರ್ ಮನುಷ್ಯ, ವಕೀಲ ಅಲ್ಲ. ಬಂದೂಕು ಮುಟ್ಟುವ ಮೊದಲು ಇಮಿಗ್ರೇಷನ್ ವಕೀಲರನ್ನು ಒಂದು ಮಾತು ಕೇಳಿ.

ಲೈಸೆನ್ಸ್ ಬೇಕಾದರೆ ಹಂಟರ್-ಟ್ರ್ಯಾಪರ್ ಎಜುಕೇಷನ್ ಅನ್ನುವ ಕೋರ್ಸ್ ಮುಗಿಸಬೇಕು. ಎದುರು ಕೂತು ಕಲಿಯುವ ಕ್ಲಾಸಿಗೆ ದುಡ್ಡಿಲ್ಲ, ಕೊನೆಗೆ ಒಂದು ಪರೀಕ್ಷೆ. ಆನ್‌ಲೈನ್ ಕೂಡ ಇದೆ, ಆದರೆ ದಯವಿಟ್ಟು ಕ್ಲಾಸಿಗೇ ಹೋಗಿ. ನನ್ನ ಬೆಂಚಿನಲ್ಲಿ ಹನ್ನೊಂದು ವರ್ಷದ ಹುಡುಗಿ ಕೂತಿದ್ದಳು, ಮುಳ್ಳುಬೇಲಿ ದಾಟುವಾಗ ರೈಫಲ್ ಏನು ಮಾಡಬೇಕು ಅಂದಾಗ ನನಗಿಂತ ಮೊದಲು ಕೈ ಎತ್ತಿದಳು. ಮೊದಲು ತೋಟಾ ತೆಗೆಯಬೇಕು, ಬೇಲಿಯ ಆಚೆ ಮಲಗಿಸಬೇಕು, ಆಮೇಲೆ ದಾಟಬೇಕು. ನಮ್ಮೂರಲ್ಲಿ ಹೆಗಲಿಗೆ ಹಾಕಿಕೊಂಡೇ ಹಾರುತ್ತಿದ್ದರು! ಕೊಡಗಿನ ಗೆಳೆಯರಿಗೂ ಇದೇ ಮಾತು. ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ತೋಕ್ ಪೂ, ಅಂದರೆ ಕೋವಿ ಹೂವು, ಸಿಕ್ಕಿಸಿ ಪೂಜೆ ಮಾಡಿ ಬೆಳೆದವರು ನೀವು, ಕೊಡವರಿಗೆ ಮತ್ತು ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿ ಇರುವವರಿಗೆ ಊರಲ್ಲಿ ಲೈಸೆನ್ಸ್ ವಿನಾಯಿತಿ ಇದೆ, ಎಲ್ಲ ಸರಿ. ಆ ವಿನಾಯಿತಿ ಇಲ್ಲಿ ನಡೆಯುವುದಿಲ್ಲ. ಮತ್ತೆ, 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಹುಟ್ಟಿದ ನಮಗೆ ಶಿಕಾರಿ ಅಂದರೆ ಅಜ್ಜ ಹೇಳಿದ ಕಥೆ ತಾನೇ? ಕಥೆ ಕೇಳಿ ಈಡು ಹೊಡೆಯಲು ಬರುವುದಿಲ್ಲ.

ಬೇಟೆ ನಮಗೆ ಬೇಡ, ನಾವು ಪಕ್ಕಾ ಸಸ್ಯಾಹಾರಿಗಳು ಅನ್ನುವವರೂ ಮುಂದಿನದನ್ನು ಓದಿ. ನಿಮಗೇ ಜಾಸ್ತಿ ಬೇಕು.

ಗೇಮ್ ಲ್ಯಾಂಡ್ ಈ ರಾಜ್ಯದಲ್ಲಿ ಸುಮಾರು 15 ಲಕ್ಷ ಎಕರೆ ಇದೆ, ಮುನ್ನೂರಕ್ಕೂ ಹೆಚ್ಚು ತುಂಡುಗಳಲ್ಲಿ. ವರ್ಷಕ್ಕೆ ಎಂಟು ಲಕ್ಷಕ್ಕಿಂತ ಜಾಸ್ತಿ ಲೈಸೆನ್ಸ್ ಮಾರಾಟವಾಗುತ್ತವೆ. ನವೆಂಬರಿನ ನಾಲ್ಕನೇ ಗುರುವಾರದ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ಶನಿವಾರ ಜಿಂಕೆಯ ರೈಫಲ್ ಸೀಸನ್ ಶುರು. ನವೆಂಬರ್ 15ರಿಂದ ಡಿಸೆಂಬರ್ 15ರವರೆಗೆ ಗೇಮ್ ಲ್ಯಾಂಡಿನಲ್ಲಿ ಸುಮ್ನೆ ನಡೆದಾಡುವವರೂ ಹೊಳೆಯುವ ಕಿತ್ತಳೆ ಬಣ್ಣ ಹಾಕಲೇಬೇಕು, ಅದು ಸಲಹೆ ಅಲ್ಲ, ನಿಯಮ. ಬೇಟೆಗಾರರಿಗೆ ಜಿಂಕೆಯ ರೈಫಲ್ ಸೀಸನ್ನಿನಲ್ಲಿ ತಲೆ, ಎದೆ, ಬೆನ್ನು ಸೇರಿ ಕನಿಷ್ಠ 250 ಚದರ ಇಂಚು, ನಾಲ್ಕೂ ದಿಕ್ಕಿನಿಂದ ಕಾಣಬೇಕು. ಒಂದು ಟೋಪಿ, ಒಂದು ವೆಸ್ಟ್ ಸಾಕು. ವಾಲ್‌ಮಾರ್ಟಿನಲ್ಲಿ ಪಿಜ್ಜಾದ ಬೆಲೆಗೆ ಸಿಗುತ್ತದೆ. ಮಕ್ಕಳಿಗೂ ಹಾಕಿ, ನಾಯಿಗೂ ಹಾಕಿ. ಬೆನ್ನಿಗೆ ಬ್ಯಾಗ್ ಹಾಕಿದರೆ ವೆಸ್ಟ್ ಮುಚ್ಚಿಹೋಗುತ್ತದೆ, ಬ್ಯಾಗಿಗೂ ಒಂದು ಕಿತ್ತಳೆ ಬಟ್ಟೆ ಕಟ್ಟಿ. ಅಯ್ಯಪ್ಪ ಮಾಲೆ ಹಾಕಿದವರು ಕಪ್ಪು ಬಟ್ಟೆಯಲ್ಲೇ ವಾಕಿಂಗ್ ಹೊರಡುತ್ತಾರೆ, ಅದೇ ನವೆಂಬರಿನಲ್ಲಿ ಇಲ್ಲಿ ಕರಡಿ ಸೀಸನ್ ಇರುತ್ತದೆ. ಸ್ವಾಮಿ, ಮೇಲೊಂದು ವೆಸ್ಟ್ ಹಾಕಿಕೊಳ್ಳಿ. ಬಿಳಿ ಕರ್ಚೀಫೂ ಬೇಡ. ಇಲ್ಲಿನ ಜಿಂಕೆ ಓಡುವಾಗ ಎತ್ತುವ ಬಾಲ ಬೆಳ್ಳಗಿರುತ್ತದೆ, ಪೊದೆಯ ಹಿಂದೆ ಮೂಗು ಒರೆಸಿಕೊಳ್ಳುವ ಮನುಷ್ಯ ಅವಸರದವನ ಕಣ್ಣಿಗೆ ಹಾಗೆಯೇ ಕಂಡಾನು.

ನಮ್ಮವರಲ್ಲಿ ಒಂದು ಹಳೇ ನಂಬಿಕೆ ಇದೆ, ಭಾನುವಾರ ಬೇಟೆ ಇಲ್ಲ, ದೇವಸ್ಥಾನಕ್ಕೆ ಹೋಗಿ ಊಟ ಮುಗಿಸಿ ಕಾಡಿಗೆ ಹೋಗಬಹುದು ಅಂತ. ನಾನೇ ಎಷ್ಟೋ ಜನಕ್ಕೆ ಹೀಗೆ ಹೇಳಿದ್ದೆ. ಅದು ಈಗ ನಡೆಯುವುದಿಲ್ಲ. 2020ರಿಂದ ಕೆಲವು ಭಾನುವಾರ ಬೇಟೆಗೆ ಬಿಟ್ಟಿದ್ದರು, 2025ರ ಜುಲೈನಲ್ಲಿ ಗವರ್ನರ್ ಜೋಶ್ ಶಪಿರೋ ಸಹಿ ಹಾಕಿದ ಕಾನೂನು ಹಳೇ ನಿಷೇಧವನ್ನೇ ತೆಗೆದುಹಾಕಿತು. ಯಾವ್ಯಾವ ಭಾನುವಾರ ಅಂತ, ಬೇಟೆಯ ಉಸ್ತುವಾರಿ ನೋಡುವ ರಾಜ್ಯದ ಗೇಮ್ ಕಮಿಷನ್ ಪ್ರತಿ ವರ್ಷ ಹೇಳುತ್ತದೆ, ಆ ವರ್ಷದ ಪಟ್ಟಿಯನ್ನೇ ನೋಡಿ ಹೊರಡಿ.

ಈಗ ನನ್ನ ತಪ್ಪಿನ ಕಥೆ. ಎರಡನೇ ವರ್ಷದ ಸೀಸನ್. ಬೆಳಕು ಹರಿಯುವ ಮೊದಲೇ ಹೋಗಿ ಒಂದು ಹೆಮ್ಲಾಕ್ ಮರದ ಬುಡದಲ್ಲಿ ಕೂತಿದ್ದೆ. ಏಳೂವರೆ ಹೊತ್ತಿಗೆ ಕೆಳಗಿನ ಹಳ್ಳದ ಪಕ್ಕ ಏನೋ ಕಂದು ಬಣ್ಣದ್ದು ಅಲುಗಾಡಿತು. ಬೈನಾಕ್ಯುಲರ್ ಬ್ಯಾಗಿನೊಳಗಿತ್ತು, ತೆಗೆಯಲು ಸೋಮಾರಿತನ. ರೈಫಲ್ ಎತ್ತಿ ಸ್ಕೋಪಿನಲ್ಲಿ ನೋಡಿದೆ. ಗಾಜಿನೊಳಗೆ ಕಂಡದ್ದು ಪ್ಯಾಂಟು, ಆಮೇಲೆ ಥರ್ಮಾಸ್ ಮುಚ್ಚಳದಲ್ಲಿ ಕಾಫಿ ಸುರಿದುಕೊಳ್ಳುತ್ತಿರುವ ಒಂದು ಕೈ, ಆಮೇಲೆ ಕಿತ್ತಳೆ ಟೋಪಿ. ಟೋಪಿಯ ಸರಿ ನಡುವೆ ನನ್ನ ಸ್ಕೋಪಿನ ಗೆರೆಗಳು. ಸೇಫ್ಟಿ ಹಾಕಿತ್ತು, ಬೆರಳು ಟ್ರಿಗರಿನ ಮೇಲಿರಲಿಲ್ಲ, ಆದರೂ ತುಂಬಿದ ರೈಫಲನ್ನು ನಾನು ಒಬ್ಬ ಮನುಷ್ಯನ ತಲೆಗೆ ಗುರಿಯಿಟ್ಟಿದ್ದೆ. ಇಳಿಸುವಷ್ಟರಲ್ಲಿ ಅವರು ನೋಡಿದ್ದರು. ಎದ್ದು, ನಿಧಾನವಾಗಿ ಹತ್ತಿ ಬಂದರು, ಎಪ್ಪತ್ತರ ಹತ್ತಿರದ ಮುದುಕ. ಬೈಯಲಿಲ್ಲ. "ಅದರಲ್ಲಿ ಬೈನಾಕ್ಯುಲರ್ ಇದೆಯಾ?" ಅಂತ ನನ್ನ ಬ್ಯಾಗ್ ತೋರಿಸಿ ಕೇಳಿದರು. ಇದೆ ಅಂದೆ. "ಕುತ್ತಿಗೆಗೆ ಹಾಕ್ಕೋ" ಅಂದು ವಾಪಸ್ ಹೋದರು. ಅವತ್ತು ನನ್ನ ಕೈ ಎಷ್ಟು ನಡುಗುತ್ತಿತ್ತು ಅಂದರೆ ತೋಟಾ ತೆಗೆಯಲು ಐದು ನಿಮಿಷ ಬೇಕಾಯಿತು.

ಸ್ಕೋಪ್ ಇರುವುದು ಗುರಿ ಹಿಡಿಯಲು. ಏನು ಅಂತ ಗುರುತಿಸುವ ಕೆಲಸ ಕಣ್ಣಿನದು, ಬೈನಾಕ್ಯುಲರಿನದು. ಇಡೀ ಪ್ರಾಣಿ ಕಂಡು, ಅದು ಏನು ಅಂತ ಗೊತ್ತಾಗಿ, ಅದರ ಹಿಂದೆ ಏನಿದೆ ಅಂತಲೂ ಗೊತ್ತಾದ ಮೇಲೆ ರೈಫಲ್ ಏಳಬೇಕು. ಹಿಂದೆ ಏನಿದೆ ಅನ್ನುವುದನ್ನು ಜನ ಮರೆಯುತ್ತಾರೆ. ದಿಬ್ಬದ ನೆತ್ತಿಯ ಮೇಲೆ ಆಕಾಶಕ್ಕೆ ಎದುರಾಗಿ ನಿಂತ ಜಿಂಕೆ ನೋಡಲು ಕ್ಯಾಲೆಂಡರ್ ಚಿತ್ರದ ಹಾಗಿರುತ್ತದೆ, ಹೊಡೆಯಬಾರದು. ಗುಂಡು ತಪ್ಪಿದರೆ ದಿಬ್ಬದ ಆಚೆ ಎಲ್ಲಿ ಬೀಳುತ್ತದೆ? ಸಣ್ಣ .22 ಗುಂಡು ಕೂಡ ಒಂದು ಮೈಲಿಗಿಂತ ದೂರ ಹೋಗುತ್ತದೆ, ಜಿಂಕೆಯ ರೈಫಲಿನದು ಅದಕ್ಕಿಂತ ಎಷ್ಟೋ ದೂರ. ಊರಿನ ಕೋವಿಯ ಚರೆಯ ಲೆಕ್ಕ ಇಲ್ಲಿಗೆ ಹಾಕಬೇಡಿ. ಜನ ಇರುವ ಮನೆ, ಕೊಟ್ಟಿಗೆಗಳ ಸುತ್ತ 150 ಗಜದೊಳಗೆ ಆ ಮನೆಯವರ ಒಪ್ಪಿಗೆ ಇಲ್ಲದೆ ಬಂದೂಕಿನ ಬೇಟೆ ಇಲ್ಲ, ಬಿಲ್ಲಿನವರಿಗೆ ಅದು 50 ಗಜ.

ನಾಲ್ಕೈದು ಜನ ಒಟ್ಟಿಗೆ ಹೋಗುವವರಿಗೆ ಊರಿನ ಸೋವು ನೆನಪಾಗುತ್ತದೆ, ಅರ್ಧ ಜನ ಗದ್ದಲ ಮಾಡಿ ಎಬ್ಬಿಸುವುದು, ಅರ್ಧ ಜನ ಗಂಡಿಯಲ್ಲಿ ಕಾಯುವುದು. ಇಲ್ಲಿಯೂ ಹಾಗೆ ಮಾಡುತ್ತಾರೆ, ಆದರೆ ನಾಯಿ ಬಿಟ್ಟು ಜಿಂಕೆ ಅಟ್ಟುವಂತಿಲ್ಲ. ಮಲೆನಾಡಿನಲ್ಲಿ ಹಂದಿ ಅಂತ ಮನುಷ್ಯನಿಗೆ ಈಡು ಬಿದ್ದ ಸುದ್ದಿ ನಾವೆಲ್ಲ ಓದಿಯೇ ಇದ್ದೇವೆ. ಹೊರಡುವ ಮೊದಲೇ ಯಾರು ಎಲ್ಲಿ, ಯಾರ ಗುರಿ ಎಲ್ಲಿಂದ ಎಲ್ಲಿವರೆಗೆ ಅಂತ ನೆಲದ ಮೇಲೆ ಕಡ್ಡಿಯಲ್ಲಿ ಗೆರೆ ಎಳೆದು ತೋರಿಸಿಕೊಳ್ಳಿ. ಎಬ್ಬಿಸಿ ಬರುವವರ ದಿಕ್ಕಿಗೆ ಯಾವತ್ತೂ ಇಲ್ಲ, ಎಷ್ಟು ದೊಡ್ಡ ಕೊಂಬಿದ್ದರೂ ಇಲ್ಲ. ಆದರೆ ನಿಮ್ಮ ಐದು ಜನರ ಪ್ಲಾನ್ ಆರನೆಯವನಿಗೆ ಗೊತ್ತಿರುವುದಿಲ್ಲ ಅಲ್ವಾ? ಅವನು ಬೆಳಗ್ಗೆ ನಾಲ್ಕಕ್ಕೇ ಬಂದು ಮರ ಹತ್ತಿ ಕೂತಿರುತ್ತಾನೆ. ಪಾರ್ಕಿಂಗಿನಲ್ಲಿ ನಿಂತಿರುವ ಗಾಡಿ ಎಣಿಸಿ, ಅಷ್ಟು ಜನ ಒಳಗಿದ್ದಾರೆ ಅಂತಲೇ ಲೆಕ್ಕ ಹಿಡಿಯಿರಿ. ಯಾರಾದರೂ ಕೂತಿರುವುದು ಕಂಡರೆ ಆ ಜಾಗ ಅವರದು, ಸುತ್ತಿ ಬಳಸಿ ಹೋಗಿ.

ನಿಮ್ಮ ಕಡೆ ಯಾರಾದರೂ ಬರುತ್ತಿದ್ದರೆ ಗಟ್ಟಿಯಾಗಿ ಮಾತಾಡಿ. ಕೈ ಬೀಸಬೇಡಿ, ಶಿಳ್ಳೆ ಹೊಡೆಯಬೇಡಿ. ವಸಂತದ ಟರ್ಕಿ ಕೋಳಿಯ ಸೀಸನ್ನಿನಲ್ಲಿ ಇದು ಇನ್ನೂ ಮುಖ್ಯ, ಯಾಕಂದರೆ ಆಗ ಬೇಟೆಗಾರರು ಮೈತುಂಬ ಎಲೆಬಣ್ಣದ ಬಟ್ಟೆ ಹಾಕಿ ಟರ್ಕಿಯ ಹಾಗೆ ಕೂಗುತ್ತಾ ಕೂತಿರುತ್ತಾರೆ. ಗಂಡು ಟರ್ಕಿಯ ತಲೆ ಕೆಂಪು, ಬಿಳಿ, ನೀಲಿ. ಆ ಮೂರು ಬಣ್ಣ ಮೈಮೇಲೆ ಎಲ್ಲೂ ಕಾಣಬಾರದು, ಕಾಲುಚೀಲದಲ್ಲೂ. ಟರ್ಕಿ ಕೂಗಿದ ಸದ್ದು ಹಿಡಿದು ಅದರ ಹಿಂದೆ ಹೋಗುವುದು ಆ ಸೀಸನ್ನಿನಲ್ಲಿ ಕಾನೂನಿಗೇ ವಿರುದ್ಧ, ಕೂತು ಕರೆಯಬೇಕು ಅಷ್ಟೇ. ನಿಮಗೆ ಕೇಳಿಸಿದ ಟರ್ಕಿ ಇನ್ನೊಬ್ಬ ಮನುಷ್ಯನೇ ಇರಬಹುದು.

ಮರದ ಮೇಲೆ ಕಾದು ಕೂರುವ ಸ್ಟ್ಯಾಂಡಿನಿಂದ ಬಿದ್ದು ಸೊಂಟ ಮುರಿದುಕೊಳ್ಳುವವರು ಬಹಳ. ಬೀಳದಂತೆ ಹಿಡಿಯುವ ಹಾರ್ನೆಸ್ ಪಟ್ಟಿ ಕಟ್ಟಿಕೊಳ್ಳಿ, ಖಾಲಿ ರೈಫಲನ್ನು ಹಗ್ಗದಲ್ಲಿ ಮೇಲೆಳೆದುಕೊಳ್ಳಿ. ಬಿಯರ್ ಕೂಲರ್ ಸಂಜೆ ರೈಫಲ್‌ಗಳು ಚೀಲಕ್ಕೆ ಹೋದ ಮೇಲೆಯೇ ತೆರೆಯಲಿ. ನೇರಳೆ ಬಣ್ಣ ಬಳಿದ ಮರ ಕಂಡರೆ ಅದು ಖಾಸಗಿ ಜಾಗ, ಒಳಗೆ ಹೋಗಬಾರದು ಅಂತ ಅರ್ಥ. ಫಿಲಡೆಲ್ಫಿಯಾ ಕೌಂಟಿ, ಪಿಟ್ಸ್‌ಬರ್ಗ್ ಇರುವ ಅಲೆಗೆನಿ ಕೌಂಟಿ, ಇವೆರಡು ಬಿಟ್ಟು ಉಳಿದ ಕಡೆಯೆಲ್ಲ 2020ರಿಂದ ಹೀಗಿದೆ.

ಗಾಡಿಯೊಳಗೆ ತುಂಬಿದ ಬಂದೂಕು ಇಡುವಂತಿಲ್ಲ, ನಿಂತ ಗಾಡಿಯಾದರೂ. ಇಲ್ಲಿ ನನ್ನದೊಂದು ಅಭ್ಯಾಸ ಹೇಳುತ್ತೇನೆ. ಬೆಳಗ್ಗೆ ಎಷ್ಟು ತೋಟಾ ಹಾಕಿದೆ ಅಂತ ಬಾಯಿಬಿಟ್ಟು ಹೇಳುತ್ತೇನೆ, ಸಂಜೆ ತೆಗೆದು ಎಣಿಸುತ್ತೇನೆ. ಒಂದು ಸಲ ನಾಲ್ಕು ಹಾಕಿದ್ದೆ, ಮೂರೇ ಬಂತು. ಚಳಿಗೆ ಗ್ಲೌಸ್ ಹಾಕಿಕೊಂಡೇ ತೋಟಾ ಹೊರಗೆಳೆಯುವ ಬೋಲ್ಟ್ ಎಳೆದಿದ್ದೆ, ನಾಲ್ಕನೆಯದು ನೆಲಕ್ಕೆ ಬಿದ್ದಿರಬೇಕು ಅಂತ ಮನಸ್ಸು ಹೇಳಿತು. ಟಾರ್ಚ್ ಹಿಡಿದು ಎಲೆ ಕೆದಕಿ ನೋಡಿದೆ, ಇಲ್ಲ. ಗ್ಲೌಸ್ ತೆಗೆದು ತೋಟಾ ಕೂರುವ ಚೇಂಬರಿಗೆ ಕಿರುಬೆರಳು ಹಾಕಿದೆ. ತಣ್ಣಗೆ ಹಿತ್ತಾಳೆ ತಗುಲಿತು. ಬೋಲ್ಟ್ ಅದನ್ನು ಕಚ್ಚಿ ಎಳೆದೇ ಇರಲಿಲ್ಲ. ಕಣ್ಣಲ್ಲಿ ನೋಡಿ, ಬೆರಳಲ್ಲಿ ಮುಟ್ಟಿ, ಆಮೇಲೆ ಚೀಲಕ್ಕೆ ಹಾಕಿ. ಮನೆಯಲ್ಲಿ ರೈಫಲ್ ಬೀಗದೊಳಗೆ, ತೋಟಾ ಬೇರೆ ಕಡೆ ಇನ್ನೊಂದು ಬೀಗದೊಳಗೆ. ಮಕ್ಕಳನ್ನು ಗೆಳೆಯರ ಮನೆಗೆ ಆಡಲು ಕಳಿಸುವಾಗ "ಮನೆಯಲ್ಲಿ ಗನ್ ಇದೆಯಾ, ಬೀಗ ಹಾಕಿದ್ದೀರಾ?" ಅಂತ ಕೇಳಲು ಸಂಕೋಚ ಬೇಡ. ಇಲ್ಲಿನವರು ಬೇಜಾರು ಮಾಡಿಕೊಳ್ಳುವುದಿಲ್ಲ. ಕಡಲೆಬೀಜದ ಅಲರ್ಜಿ ಕೇಳಿದ ಹಾಗೆಯೇ ಅದು.

ಕೊನೆಗೆ ಬ್ಯಾಗಿನ ವಿಷಯ. ಬೇಟೆಗೋ ರೇಂಜಿಗೋ ತಗೊಂಡು ಹೋದ ಬ್ಯಾಗನ್ನು ಊರಿಗೆ ಹೋಗುವಾಗ ಬಳಸಲೇಬೇಡಿ. ಸೈಡ್ ಪಾಕೆಟಿನ ಹೊಲಿಗೆಯಲ್ಲಿ ಒಂದು ತೋಟಾ ಉಳಿದು, ಬೆಂಗಳೂರು ಏರ್‌ಪೋರ್ಟಿನ ಸ್ಕ್ಯಾನರಿನಲ್ಲಿ ಕಾಣಿಸಿಕೊಂಡರೆ ಶಸ್ತ್ರಾಸ್ತ್ರ ಕಾಯ್ದೆಯ ಕೆಳಗೆ ಕೇಸು, ನಾಲ್ಕು ವಾರದ ರಜೆ ಸ್ಟೇಷನ್ನು ಕೋರ್ಟು ಅಂತ ಮುಗಿಯುತ್ತದೆ. ಮರೆತಿದ್ದೆ ಸಾರ್ ಅಂದರೆ ಬಿಡುವುದಿಲ್ಲ. ನಮ್ಮ ಮನೆಯಲ್ಲಿ ಬೇಟೆಯ ಬ್ಯಾಗಿನ ಹಿಡಿಕೆಗೆ ನನ್ನ ಹೆಂಡತಿ ಬಿಳಿ ಟೇಪ್ ಸುತ್ತಿ, ದಪ್ಪ ಮಾರ್ಕರಿನಲ್ಲಿ ಬರೆದಿದ್ದಾಳೆ: "ಇದು ಊರಿಗೆ ಬರಲ್ಲ."