ನೆರೆ ಇಳಿದ ಮೇಲೆ ಮೋಟರ್ ಹಾಕಬೇಡಿ: ಸಂಪು ತೊಳೆಯುವುದು ಹೇಗೆ?

ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಅಂತ ಸುದ್ದಿ ಬಂದರೆ ಸಾಕು, ಚೆನ್ನೈಯಲ್ಲಿ ಹಾಲು, ಬ್ರೆಡ್ಡು, ಮೇಣದಬತ್ತಿಗೆ ಅಂಗಡಿ ಮುಂದೆ ಜನ ಮುಗಿಬೀಳುತ್ತಾರೆ. ವೇಳಚೇರಿಯವರು ಕಾರುಗಳನ್ನು ಫ್ಲೈಓವರ್ ಮೇಲೆ ಒಯ್ದು ನಿಲ್ಲಿಸುತ್ತಾರೆ. ಎಲ್ಲ ಸರಿಯೇ. ಆದರೆ ಮನೆಯ ಸಂಪಿನ ಕಡೆ ಯಾರೂ ತಿರುಗಿ ನೋಡುವುದಿಲ್ಲ.

2023ರ ಡಿಸೆಂಬರ್ 3 ಮತ್ತು 4ರಂದು ಮಿಚಾಂಗ್ ಚಂಡಮಾರುತ ಚೆನ್ನೈ ಕರಾವಳಿಗೆ ಹತ್ತಿರದಲ್ಲೇ ಹಾದುಹೋಯಿತು. ಅದು ದಡ ಸೇರಿದ್ದು ಮರುದಿನ, ಆಂಧ್ರದ ಬಾಪಟ್ಲ ಹತ್ತಿರ. ಚೆನ್ನೈಯನ್ನು ಮುಳುಗಿಸಿದ್ದು ಮಳೆ. ವೇಳಚೇರಿ, ಪಳ್ಳಿಕರಣೈ, ಮುಡಿಚೂರು ಕಡೆ ನೀರು ದಿನಗಟ್ಟಲೆ ನಿಂತಿತ್ತು. ಕೊನೆಗೆ ನೀರು ಇಳಿದು ಕರೆಂಟು ಬಂತು. ಎಷ್ಟೋ ಮನೆಗಳಲ್ಲಿ ಮೊದಲು ಮಾಡಿದ ಕೆಲಸವೇ ಮೋಟರ್ ಸ್ವಿಚ್ ಹಾಕಿದ್ದು. ಸಂಪಿಗೆ ನುಗ್ಗಿದ್ದ ಚರಂಡಿ ನೀರು ಮೇಲಿನ ಟ್ಯಾಂಕಿಗೆ ಏರಿತು. ಅಲ್ಲಿಂದ ಅಡುಗೆಮನೆ, ಬಚ್ಚಲು, ಫಿಲ್ಟರು, ಎಲ್ಲ ಪೈಪುಗಳಿಗೂ ಇಳಿಯಿತು. ಸಂಪು ಒಂದನ್ನು ತೊಳೆದರೆ ಮುಗಿಯುತ್ತಿದ್ದ ಕೆಲಸ ಇಡೀ ಕಟ್ಟಡಕ್ಕೆ ಹಬ್ಬಿತು.

ಮಳೆಗೆ ಮುಂಚೆ

ಮೇಲಿನ ಟ್ಯಾಂಕನ್ನು ಬಾಯಿಮಟ್ಟ ತುಂಬಿಸಿ. ಸಂಪನ್ನೂ ತುಂಬಿಸಿ. ಆಮೇಲೆ ಮೋಟರಿನ ಮೇನ್ ಸ್ವಿಚ್ ಆಫ್ ಮಾಡಿ, ಅದರ ಮೇಲೆ ‘ಹಾಕಬೇಡಿ’ ಅಂತ ದೊಡ್ಡದಾಗಿ ಬರೆದ ಚೀಟಿ ಅಂಟಿಸಿ. ಅಪಾರ್ಟ್‌ಮೆಂಟ್ ಆದರೆ ವಾಚ್‌ಮನ್‌ಗೆ ಬಾಯಲ್ಲೂ ಹೇಳಿ. ಸಂಪಿಗೆ ಬರುವ ಸರಬರಾಜು ಪೈಪಿನ ವಾಲ್ವನ್ನೂ ಮುಚ್ಚಿ, ಬೀದಿ ಮುಳುಗಿದಾಗ ಕೊಳೆನೀರು ಆ ದಾರಿಯಲ್ಲೂ ಬರುತ್ತದೆ.

ಮುಚ್ಚಳಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಮೇಲೆ ಮರಳಿನ ಚೀಲ ಹೇರಿ. ವೈರು ಹೋಗುವ ತೂತು, ಓವರ್‌ಫ್ಲೋ ಪೈಪಿನ ಬಾಯಿ ಎರಡನ್ನೂ ಬಿಗಿಯಾಗಿ ಮುಚ್ಚಿ. ಮುಚ್ಚಳದ ಸುತ್ತ ಪ್ಯಾಕಿಂಗ್ ಟೇಪ್ ಸುತ್ತುವವರನ್ನು ನೋಡಿದ್ದೇನೆ. ಸುಮ್ನೆ ದಂಡ, ಒದ್ದೆಯಾದ ಕೂಡಲೇ ಅಂಟು ಬಿಡುತ್ತದೆ. ನನ್ನನ್ನು ಕೇಳಿದರೆ, ಬೇಸಿಗೆಯಲ್ಲೇ ಮೇಸ್ತ್ರಿಯನ್ನು ಕರೆಸಿ ಸಂಪಿನ ಬಾಯಿಗೆ ಎರಡು ಅಡಿ ಎತ್ತರದ ಕಟ್ಟೆ ಕಟ್ಟಿಸಿಬಿಡಿ. ಬೆಂಗಳೂರಿನವರಿಗೂ ಇದೇ ಮಾತು. 2022ರ ಸೆಪ್ಟೆಂಬರಿನಲ್ಲಿ ಸರ್ಜಾಪುರ ರಸ್ತೆ ಕಡೆಯ ಬಡಾವಣೆಗಳಿಂದ ಜನರನ್ನು ಟ್ರ್ಯಾಕ್ಟರಿನಲ್ಲಿ ಸಾಗಿಸಿದ್ದು ನೆನಪಿದೆ ಅಲ್ವಾ? ನೆಲಮಟ್ಟದಲ್ಲಿ ಬಾಯಿ ಇರುವ ಸಂಪಿಗೆ ಅಂಥ ಒಂದೇ ಮಳೆ ಸಾಕು.

ಮಳೆ ಸುರಿಯುವಾಗ

ಮನೆಯಲ್ಲೇ ಇರಿ. ನೀರಿನಲ್ಲಿ ನಿಂತು ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ಮಳೆ ನಿಂತಿತು ಅಂತ ಕೆಳಗಿಳಿಯಬೇಡಿ, ಕೆರೆಯಿಂದ ಬಿಟ್ಟ ನೀರು ಆಮೇಲೂ ಏರಬಹುದು. 2015ರ ಡಿಸೆಂಬರಿನಲ್ಲಿ ಚೆಂಬರಂಬಾಕ್ಕಂ ಕೆರೆಯಿಂದ ಬಿಟ್ಟ ನೀರು ಸೇರಿ ಅಡ್ಯಾರ್ ನದಿ ಉಕ್ಕಿ, ದಡದ ಮನೆಗಳಿಗೆ ನುಗ್ಗಿತ್ತು.

ನೀರು ಇಳಿದ ಮೇಲೆ

ಹೊರಗಿನ ನೀರು ಸಂಪಿನ ಮುಚ್ಚಳ ಮುಟ್ಟಿತ್ತೇ? ಹಾಗಿದ್ದರೆ ಸಂಪು ಕೆಟ್ಟಿದೆ ಅಂತಲೇ ಲೆಕ್ಕ. ಟಾರ್ಚ್ ಬಿಟ್ಟು ನೋಡಿದಾಗ ನೀರು ತಿಳಿಯಾಗಿ ಕಾಣಬಹುದು. ಕೆಸರು ತಳ ಸೇರಿದೆ ಅಷ್ಟೇ, ರೋಗಾಣು ಕಣ್ಣಿಗೆ ಕಾಣುವುದಿಲ್ಲ.

ಹಾಗಂತ ಕೂಡಲೇ ಖಾಲಿ ಮಾಡಲೂ ಬೇಡಿ. ಸುತ್ತಲ ನೆಲ ನೀರು ಕುಡಿದು ಉಬ್ಬಿರುವಾಗ ಸಂಪು ಬರಿದಾದರೆ ಹೊರಗಿನ ನೀರಿನ ಒತ್ತಡಕ್ಕೆ ಗೋಡೆ ಬಿರುಕು ಬಿಡಬಹುದು. ಪ್ಲಾಸ್ಟಿಕ್ ಟ್ಯಾಂಕನ್ನು ಹೂತಿದ್ದರೆ ಅದು ಮೇಲೆದ್ದೇ ಬರಬಹುದು. ಅಂಗಳದ ನೀರು ಪೂರ್ತಿ ಇಂಗುವವರೆಗೆ ಮೇಲಿನ ಟ್ಯಾಂಕಿನ ನೀರನ್ನೇ ಹಿಡಿತವಾಗಿ ಬಳಸಿ.

ಖಾಲಿ ಮಾಡಲು ಬಾಡಿಗೆ ಪಂಪು ತನ್ನಿ, ನೀರು ಚರಂಡಿಗೆ ಹೋಗಲಿ. ಡೀಸೆಲ್ ಪಂಪಾದರೆ ಅದು ಬಯಲಿನಲ್ಲೇ ಇರಬೇಕು. ಸಂಪಿನ ಬಾಯಿ ಹತ್ತಿರ ಇಟ್ಟರೆ ಹೊಗೆ ಒಳಗೆ ತುಂಬುತ್ತದೆ, ಆ ಹೊಗೆ ಪ್ರಾಣ ತೆಗೆಯುತ್ತದೆ. ಮನೆಯ ಮೋಟರನ್ನು ಎಲೆಕ್ಟ್ರಿಷಿಯನ್ ನೋಡುವವರೆಗೆ ಮುಟ್ಟಬೇಡಿ.

ಇಲ್ಲಿಂದ ಮುಂದೆ ಆತುರ ಬೇಡ. ಮುಚ್ಚಳ ತೆರೆದು ಒಂದು ದಿನ ಗಾಳಿಗೆ ಬಿಡಿ. ಆದಷ್ಟೂ ಮೇಲಿನಿಂದಲೇ, ಉದ್ದ ಕೋಲಿಗೆ ಕಟ್ಟಿದ ಪೊರಕೆಯಿಂದ ಉಜ್ಜಿ. ಒಳಗೆ ಇಳಿಯಲೇಬೇಕಾದರೆ ಅನುಭವ ಇರುವವರನ್ನೇ ಕರೆಸಿ. ಅವರ ಸೊಂಟಕ್ಕೆ ಹಗ್ಗ ಇರಬೇಕು, ಮೇಲೆ ಹಗ್ಗ ಹಿಡಿದ ಇಬ್ಬರು ಕದಲದೆ ನಿಂತಿರಬೇಕು. ಕೊಳೆತ ಕೆಸರಿನ ಸಂಪಿನಲ್ಲಿ ಉಸಿರಾಡುವ ಗಾಳಿಯೇ ಇರದಿರಬಹುದು. ಒಳಗಿನವರು ತಲೆಸುತ್ತಿ ಬಿದ್ದರೆ ಹಗ್ಗದಿಂದ ಎಳೆಯಿರಿ, ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ. ಕಾಪಾಡಲು ಹಿಂದೆಯೇ ಹಾರಿದವರೂ ಸತ್ತ ಸುದ್ದಿಯನ್ನು ಮತ್ತೆ ಮತ್ತೆ ಓದುತ್ತಲೇ ಇದ್ದೇವೆ.

ಕೆಸರು ಉಳಿದುಕೊಳ್ಳುವ ಜಾಗಗಳು ಇವು: ನಾಲ್ಕು ಮೂಲೆ, ಪೈಪಿನ ಹಿಂಬದಿ, ಮುಚ್ಚಳದ ಒಳಮೈ, ಮೋಟರಿಗೆ ನೀರೆಳೆಯುವ ಪೈಪಿನ ಕೆಳತುದಿಯ ಫುಟ್‌ವಾಲ್ವಿನ ಜಾಲರಿ. ಜಾಲರಿಯ ಸಂದುಗಳಲ್ಲಿ ಕೂದಲು, ಪ್ಲಾಸ್ಟಿಕ್ ಚೂರು, ಕಪ್ಪು ರಾಡಿ ಮುದ್ದೆಗಟ್ಟಿರುತ್ತದೆ. ಬಿಚ್ಚಿ, ಹಳೆ ಹಲ್ಲುಜ್ಜುವ ಬ್ರಶ್ಶಿನಲ್ಲಿ ತಿಕ್ಕಿ ತೊಳೆಯಿರಿ. ಆಮೇಲೆ ಟ್ಯಾಂಕರ್ ಲಾರಿ ನೀರಿನಿಂದ ಎರಡು ಸಲ ಜಾಲಾಡಿ.

ಈಗ ಬ್ಲೀಚಿಂಗ್ ಪೌಡರ್. ಹೆಚ್ಚಿನವರು ಕೆಸರು ತೆಗೆಯದೆ ಒಂದು ಹಿಡಿ ಎರಚಿ ಕೈತೊಳೆದುಕೊಳ್ಳುತ್ತಾರೆ. ಕ್ಲೋರಿನ್ ಎಲ್ಲ ಆ ಕೆಸರಿಗೇ ಖರ್ಚಾಗಿ ರೋಗಾಣು ಹಾಗೇ ಉಳಿಯುತ್ತದೆ. ಬಿಡಿಯಾಗಿ ಮಾರುವ ಹಳೆ ಪುಡಿ ಕೊಳ್ಳಬೇಡಿ. ಪ್ಯಾಕ್ ಮೇಲೆ ತಾರೀಕು ಇರಲಿ. ಒಳ್ಳೆಯ ಪುಡಿಯ ಘಾಟು ಮೂಗಿಗೆ ಚುರುಕಾಗಿ ಹೊಡೆಯುತ್ತದೆ, ಗಂಟುಗಟ್ಟಿ ಸಪ್ಪೆಯಾದದ್ದು ಬೇಡ.

ಅಳತೆ: ಪ್ರತಿ 1000 ಲೀಟರಿಗೆ 200 ಗ್ರಾಂ. 6000 ಲೀಟರಿನ ಸಂಪಿಗೆ 1.2 ಕೆಜಿ. ಪುಡಿಯನ್ನು ನೇರವಾಗಿ ಸಂಪಿಗೆ ಸುರಿಯಬೇಡಿ. ಪ್ಲಾಸ್ಟಿಕ್ ಬಕೆಟ್‌ಗಳಲ್ಲಿ ಕಲಸಿ, ಕೋಲಿನಿಂದ ಕದಡಿ ಬಿಡಿ. ಪುಡಿಯಲ್ಲಿರುವ ಸುಣ್ಣ ತಳಕ್ಕೆ ಇಳಿದ ಮೇಲೆ ತಿಳಿಯನ್ನಷ್ಟೇ ಸಂಪಿಗೆ ಹಾಕಿ, ಬಾಯಿವರೆಗೆ ನೀರು ತುಂಬಿ. ಒಂದು ಹಗಲು, ಒಂದು ರಾತ್ರಿ ಹಾಗೇ ಇರಲಿ. ಈ ನೀರು ಕುಡಿಯಲೂ ಬಾರದು, ಅಡುಗೆಗೂ ಆಗದು. ಪೂರ್ತಿ ಹೊರಹಾಕಿ, ಮತ್ತೆ ಜಾಲಾಡಿ, ಹೊಸ ನೀರು ತುಂಬಿ. ಯಾರಾದರೂ ಮೊದಲೇ ಮೋಟರ್ ಹಾಕಿಬಿಟ್ಟಿದ್ದರೆ ಮೇಲಿನ ಟ್ಯಾಂಕಿಗೂ ಇದೇ ಕೆಲಸ. ಕ್ಲೋರಿನ್ ವಾಸನೆ ಬರುವವರೆಗೆ ಪ್ರತಿ ನಲ್ಲಿಯನ್ನೂ ಬಿಟ್ಟು, ಪೈಪಿನಲ್ಲೂ ಆ ನೀರು ನಿಲ್ಲುವಂತೆ ಮಾಡಿ.

ಫಿನೈಲ್ ಸುರಿಯುವವರಿದ್ದಾರೆ. ದಯವಿಟ್ಟು ಬೇಡ, ಅದು ನೆಲಕ್ಕೆ. ಕಕ್ಕಸು ತೊಳೆಯುವ ಆಸಿಡ್ಡಂತೂ ಬ್ಲೀಚಿಂಗ್ ಪೌಡರಿನ ಹತ್ತಿರವೂ ಸುಳಿಯಬಾರದು, ಎರಡೂ ಸೇರಿದರೆ ವಿಷದ ಗಾಳಿ ಏಳುತ್ತದೆ. ಪಟಿಕ ಕೆಸರನ್ನು ತಳಕ್ಕೆ ಇಳಿಸುತ್ತದೆ, ರೋಗಾಣು ಕೊಲ್ಲುವುದಿಲ್ಲ.

ಮುಂದಿನ ಕೆಲವು ವಾರ ಲಾರಿ ನೀರು ತುಂಬಿಸಿದಾಗೆಲ್ಲ 1000 ಲೀಟರಿಗೆ 2.5 ಗ್ರಾಂ ಪುಡಿ ಇದೇ ರೀತಿ ಕಲಸಿ ಹಾಕಿ, ಅರ್ಧ ಗಂಟೆ ಬಿಟ್ಟು ಬಳಸಿ. ಕುಡಿಯುವ ನೀರನ್ನು ಕೊತಕೊತ ಕುದಿಸಿಯೇ ಕುಡಿಯಿರಿ. ಕೊಳೆನೀರು ಹೊಕ್ಕ ಫಿಲ್ಟರಿನ ಕಾರ್ಟ್ರಿಡ್ಜ್ ಬದಲಾಯಿಸಿ, ತೊಳೆದು ಮತ್ತೆ ಹಾಕಬೇಡಿ.

ನೆರೆ ನೀರಿನಲ್ಲಿ ನಡೆದವರಿಗೆ, ಕೆಸರು ಎತ್ತಿದವರಿಗೆ ಎರಡು ಮೂರು ವಾರದೊಳಗೆ ಜ್ವರ, ಮೀನಖಂಡ ನೋವು, ಕಣ್ಣು ಕೆಂಪು ಕಾಣಿಸಿದರೆ ಮಾತ್ರೆ ನುಂಗಿ ಮಲಗಬೇಡಿ. ಅದು ಇಲಿಜ್ವರ ಇರಬಹುದು. ನೆರೆ ನೀರಿಗೆ ಇಳಿದಿದ್ದೆ ಅಂತ ಡಾಕ್ಟರಿಗೆ ಮೊದಲೇ ಹೇಳಿ.