ಸೂಜಿ ಚುಚ್ಚುವ ಮೊದಲೇ ಟ್ಯೂಬಿನ ಆಯ್ಕೆ

ಪಶುವೈದ್ಯಕೀಯ ಪ್ರಯೋಗಾಲಯದ ಕೆಲಸದಲ್ಲಿ ನಾನು ರೂಢಿಸಿಕೊಂಡ ಕ್ರಮವೆಂದರೆ, ರಕ್ತ ತೆಗೆಯಲು ಪ್ರಾಣಿಯನ್ನು ಹಿಡಿದು ನಿಲ್ಲಿಸುವ ಮೊದಲೇ ಯಾವ ಪರೀಕ್ಷೆಗಳು ಬೇಕೆಂದು ನಿರ್ಧರಿಸಿ, ಅವಕ್ಕೆ ತಕ್ಕ ಟ್ಯೂಬುಗಳನ್ನು ಸಾಲಾಗಿ ಇಟ್ಟುಕೊಳ್ಳುವುದು. ಮುಚ್ಚಳದ ಬಣ್ಣ ಗುರುತಿಗೆ ಅನುಕೂಲವಾದರೂ ತಯಾರಕರಿಂದ ತಯಾರಕರಿಗೆ ಅದು ಅಷ್ಟಿಷ್ಟು ಬದಲಾಗುತ್ತದೆ. ಆದ್ದರಿಂದ ಒಳಗಿರುವ ರಾಸಾಯನಿಕದ ಹೆಸರನ್ನೂ ಅವಧಿ ಮುಗಿಯುವ ದಿನಾಂಕವನ್ನೂ ಓದಿಯೇ ಬಳಸುತ್ತೇನೆ. ಅವಧಿ ಮೀರಿದ ಟ್ಯೂಬಿನಲ್ಲಿ ನಿರ್ವಾತ ಕುಗ್ಗಿ, ರಕ್ತ ಗೆರೆಯವರೆಗೆ ತುಂಬುವುದಿಲ್ಲ.

ಹೆಚ್ಚು ಬಳಕೆಯಾಗುವುದು ನೇರಳೆ ಮುಚ್ಚಳದ ಇಡಿಟಿಎ ಟ್ಯೂಬು. ಇಡಿಟಿಎ ರಕ್ತದಲ್ಲಿರುವ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕಿ ಹೆಪ್ಪುಗಟ್ಟುವಿಕೆಯನ್ನು ತಡೆಯುತ್ತದೆ. ಕಣಗಳ ಆಕಾರವೂ ಚೆನ್ನಾಗಿ ಉಳಿಯುವುದರಿಂದ ಸಂಪೂರ್ಣ ರಕ್ತಕಣ ಎಣಿಕೆಗೆ, ಥೈಲೀರಿಯಾ, ಬಬೇಸಿಯಾದಂತಹ ಪರೋಪಜೀವಿಗಳನ್ನು ಹುಡುಕುವುದಕ್ಕೆ ಮತ್ತು ರೋಗಾಣುವಿನ ವಂಶವಾಹಿಯನ್ನು ಪತ್ತೆಹಚ್ಚುವ ಪಿಸಿಆರ್ ಪರೀಕ್ಷೆಗೆ ಇದೇ ಸೂಕ್ತ. ಆದರೆ ಅರ್ಧವೇ ತುಂಬಿದ ಟ್ಯೂಬಿನಲ್ಲಿ ಇಡಿಟಿಎ ಪ್ರಮಾಣ ಮಿತಿಮೀರಿ, ಕೆಂಪು ರಕ್ತಕಣಗಳು ಕುಗ್ಗಿ, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಅಳೆದ ಪಿಸಿವಿ, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು, ಇಲ್ಲದ ರಕ್ತಹೀನತೆಯನ್ನು ತೋರಿಸಬಹುದು. ಚಿಕ್ಕ ಬೆಕ್ಕಿನಿಂದ ಸಿಗುವುದೇ ಅರ್ಧ ಮಿಲಿಲೀಟರ್ ಎಂದಾದರೆ, ಆ ಅಳತೆಗೇ ತಯಾರಾದ ಕಿರು ಟ್ಯೂಬನ್ನು ಬಳಸುತ್ತೇನೆ. ಬೆಕ್ಕಿನ ರಕ್ತದಲ್ಲಿ ಹೆಪ್ಪುಗಟ್ಟಲು ನೆರವಾಗುವ ಕಿರುಕಣಗಳಾದ ಪ್ಲೇಟ್‌ಲೆಟ್‌ಗಳು ಸುಲಭವಾಗಿ ಗುಂಪುಗೂಡುತ್ತವೆ. ಯಂತ್ರ ಕಡಿಮೆ ಸಂಖ್ಯೆ ಕೊಟ್ಟರೆ ಗಾಜಿನ ಪಟ್ಟಿಯ ಮೇಲೆ ತೆಳ್ಳಗೆ ಎಳೆದ ರಕ್ತದ ಲೇಪದ ಅಂಚನ್ನು ಸೂಕ್ಷ್ಮದರ್ಶಕದಲ್ಲಿ ನೋಡದೆ ನಾನು ವರದಿಗೆ ಸಹಿ ಹಾಕುವುದಿಲ್ಲ.

ಇದೇ ಇಡಿಟಿಎ ಜೀವರಸಾಯನ ಪರೀಕ್ಷೆಯ ಮಾದರಿಗೆ ತುಸು ಬೆರೆತರೂ ಕೆಡುಕು. ಟ್ಯೂಬಿನಲ್ಲಿರುವುದು ಇಡಿಟಿಎಯ ಪೊಟ್ಯಾಸಿಯಂ ಲವಣವಾದ್ದರಿಂದ ಪೊಟ್ಯಾಸಿಯಂ ವಿಪರೀತ ಏರಿ, ಕ್ಯಾಲ್ಸಿಯಂ ಕುಸಿಯುತ್ತದೆ. ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವದ ಮಟ್ಟ ಕೂಡ ಇಳಿಯುತ್ತದೆ. ನೆಟ್ಟಗೆ ನಡೆದುಬಂದ ನಾಯಿಯ ವರದಿಯಲ್ಲಿ ಈ ಮೂರೂ ಒಟ್ಟಿಗೆ ಕಂಡರೆ ನಾನು ರೋಗಕ್ಕಿಂತ ಮೊದಲು ಟ್ಯೂಬನ್ನು ಅನುಮಾನಿಸುತ್ತೇನೆ. ಆದ್ದರಿಂದಲೇ ಸಿಟ್ರೇಟ್, ನಂತರ ಸೀರಂ, ಹೆಪಾರಿನ್, ಇಡಿಟಿಎ, ಕೊನೆಗೆ ಫ್ಲೋರೈಡ್ ಎಂಬ ಅನುಕ್ರಮದಲ್ಲಿ ಟ್ಯೂಬುಗಳನ್ನು ತುಂಬುತ್ತೇನೆ.

ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ 9 ಪಾಲು ರಕ್ತಕ್ಕೆ 1 ಪಾಲು ದ್ರಾವಣ ಎಂಬ ಅನುಪಾತ ತಪ್ಪಿದರೆ ಹೆಪ್ಪುಗಟ್ಟುವ ಅವಧಿಯ ಪರೀಕ್ಷೆಗೆ ಅರ್ಥವೇ ಇರುವುದಿಲ್ಲ. ಕೆಂಪು ಮುಚ್ಚಳದ ಟ್ಯೂಬನ್ನು ಸುಮಾರು 30 ನಿಮಿಷ ನೆಟ್ಟಗೆ ನಿಲ್ಲಿಸಿ, ಹೆಪ್ಪು ಪೂರ್ಣವಾದ ಮೇಲೆಯೇ ಉಳಿದ ತಿಳಿದ್ರವವಾದ ಸೀರಂ ಬೇರ್ಪಡಿಸುತ್ತೇನೆ. ಜೆಲ್ ಇರುವ ಟ್ಯೂಬು ಕೆಲಸವನ್ನು ಹಗುರ ಮಾಡುತ್ತದೆ; ಆದರೆ ಫಿನೋಬಾರ್ಬಿಟಾಲ್‌ನಂತಹ ಔಷಧಿಯನ್ನು ಜೆಲ್ ಹೀರಿಕೊಳ್ಳಬಹುದಾದ್ದರಿಂದ, ಅಪಸ್ಮಾರದ ನಾಯಿಗಳ ಔಷಧಿ ಮಟ್ಟ ಅಳೆಯಲು ಅದನ್ನು ಬಳಸುವುದಿಲ್ಲ. ಗ್ಲೂಕೋಸ್ ಅಳೆಯುವುದು ತಡವಾಗುವಂತಿದ್ದರೆ ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬು ಬೇಕು. ಏಕೆಂದರೆ ರಕ್ತಕಣಗಳು ಟ್ಯೂಬಿನೊಳಗೂ ಸಕ್ಕರೆಯನ್ನು ಉಪಯೋಗಿಸುತ್ತಲೇ ಇರುತ್ತವೆ.

ಹಸಿರು ಮುಚ್ಚಳದ ಲಿಥಿಯಂ ಹೆಪಾರಿನ್ ಟ್ಯೂಬಿನಲ್ಲಿ ಹೆಪ್ಪಿಗಾಗಿ ಕಾಯಬೇಕಿಲ್ಲ. ತುರ್ತು ಜೀವರಸಾಯನ ಪರೀಕ್ಷೆಗೆ ಪ್ಲಾಸ್ಮಾ, ಅಂದರೆ ಹೆಪ್ಪುಗಟ್ಟದ ರಕ್ತದ ದ್ರವಭಾಗ, ಕೂಡಲೇ ಸಿಗುತ್ತದೆ. ಆಮೆಗಳಲ್ಲಿ ಮತ್ತು ಕೆಲವು ಪಕ್ಷಿಗಳಲ್ಲಿ ಇಡಿಟಿಎ ಕೆಂಪು ಕಣಗಳನ್ನೇ ಒಡೆಯುವುದರಿಂದ ಅವುಗಳ ರಕ್ತಕ್ಕೂ ಹೆಪಾರಿನ್ನೇ ಗತಿ. ಹೆಪಾರಿನ್ ಬೆರೆತ ರಕ್ತದ ಲೇಪದಲ್ಲಿ ಹಿನ್ನೆಲೆ ನೀಲಿಯಾಗಿ ಬಿಳಿಕಣಗಳು ಗುಂಪುಗಟ್ಟುವುದರಿಂದ, ಈ ಪ್ರಾಣಿಗಳಲ್ಲಿ ಸಿರಿಂಜಿನ ಮೊದಲ ಹನಿಯನ್ನೇ ಗಾಜಿನ ಪಟ್ಟಿಯ ಮೇಲೆ ಎಳೆದುಬಿಡುತ್ತೇನೆ.

ಸಿರಿಂಜಿನಿಂದ ಟ್ಯೂಬಿಗೆ ವರ್ಗಾಯಿಸುವಾಗ ಸೂಜಿಯನ್ನೂ ಮುಚ್ಚಳವನ್ನೂ ತೆಗೆದು, ಒಳಗೋಡೆಗೆ ತಗುಲುವಂತೆ ನಿಧಾನವಾಗಿ ಬಿಡುತ್ತೇನೆ. ಒತ್ತಿ ಚಿಮ್ಮಿಸಿದರೆ ಕಣಗಳು ಒಡೆಯುತ್ತವೆ. ಆಮೇಲೆ ಇಡಿಟಿಎ ಟ್ಯೂಬನ್ನು 8ರಿಂದ 10 ಸಲ ಮೆಲ್ಲಗೆ ತಲೆಕೆಳಗು ಮಾಡುತ್ತೇನೆ, ಕುಲುಕುವುದಿಲ್ಲ. ದೂರದ ಪ್ರಯೋಗಾಲಯಕ್ಕೆ ಕಳುಹಿಸುವಾಗ ಟ್ಯೂಬಿನ ಜೊತೆಗೆ ಒಣಗಿಸಿದ ಲೇಪವನ್ನೂ ಇಡುತ್ತೇನೆ. ಕೆಲವೇ ಗಂಟೆಗಳಲ್ಲಿ ಟ್ಯೂಬಿನ ಕಣಗಳು ರೂಪಗೆಡತೊಡಗುತ್ತವೆ. ಲೇಪವನ್ನು ಫ್ರಿಜ್ಜಿನಲ್ಲಿ ಇಡಬಾರದು. ಅಂಗಾಂಶದ ಮಾದರಿಯಿರುವ ಫಾರ್ಮಲಿನ್ ಡಬ್ಬಿಯನ್ನೂ ಅದೇ ಪೊಟ್ಟಣಕ್ಕೆ ಸೇರಿಸಬಾರದು; ಅದರ ಆವಿ ತಗುಲಿದ ಲೇಪಕ್ಕೆ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ.