ಗೋಡೆ ಮೇಲೆ ದೀಪದ ಜ್ವಾಲೆಯನ್ನು ದುಪ್ಪಟ್ಟು ಮಾಡುವುದು ಹೇಗೆ?

ಮಸೂರದ (ಲೆನ್ಸ್) ಸೂತ್ರವನ್ನು ನಾನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಗೋಡೆ ಮೇಲೆ ತಲೆಕೆಳಗಾದ ಜ್ವಾಲೆಯನ್ನು ಕಣ್ಣಾರೆ ಕಂಡದ್ದು ಮಾತ್ರ ಎಷ್ಟೋ ವರ್ಷಗಳ ನಂತರ, ಕರೆಂಟ್ ಹೋದ ಒಂದು ಸಂಜೆ. ಮನೆಯಲ್ಲಿ ಮಕ್ಕಳಿದ್ದರೆ ಇದನ್ನು ಖಂಡಿತ ಮಾಡಿ ತೋರಿಸಿ. ಒಂದು ಭೂತಗನ್ನಡಿ, ಮೇಣದಬತ್ತಿ, ಅಳತೆ ಟೇಪು, ಬಿಳಿ ರಟ್ಟು ಇದ್ದರೆ ಸಾಕು.

ಮೊದಲು ಭೂತಗನ್ನಡಿಯ ಸಂಗಮ ದೂರ ತಿಳಿಯಬೇಕು. ಹಗಲು ಹೊತ್ತಿನಲ್ಲಿ ಕಿಟಕಿಯ ಎದುರಿನ ಗೋಡೆ ಹತ್ತಿರ ನಿಂತು, ಗಾಜನ್ನು ಗೋಡೆಗೆ ಸಮನಾಗಿ ಹಿಡಿದು ನಿಧಾನವಾಗಿ ಹಿಂದೆ ಮುಂದೆ ಸರಿಸಿ. ಒಂದು ಜಾಗದಲ್ಲಿ ಹೊರಗಿನ ತೆಂಗಿನಮರ ಗೋಡೆ ಮೇಲೆ ಪುಟ್ಟದಾಗಿ, ತಲೆಕೆಳಗಾಗಿ, ಬಣ್ಣದ ಸಮೇತ ಮೂಡುತ್ತದೆ. ಆಗ ಗಾಜಿಗೂ ಗೋಡೆಗೂ ಇರುವ ಅಂತರವೇ ಸಂಗಮ ದೂರ. ಅದು 10 ಸೆಂ.ಮೀ. ಬಂತು ಅಂತಿಟ್ಟುಕೊಳ್ಳೋಣ. ಸೂರ್ಯನ ಕಡೆಗೆ ಮಾತ್ರ ಗಾಜು ಹಿಡಿಯಬೇಡಿ. ಕಣ್ಣಿಗೂ ಅಪಾಯ, ಕಾಗದಕ್ಕೂ ಬೆಂಕಿ.

ಕತ್ತಲಾದ ಮೇಲೆ ಮೇಣದಬತ್ತಿ ಹಚ್ಚಿ. ಜ್ವಾಲೆ ಮತ್ತು ಗಾಜಿನ ನಡುಭಾಗ ಒಂದೇ ಎತ್ತರದಲ್ಲಿರಲಿ. ಗಾಜಿನಿಂದ 30 ಸೆಂ.ಮೀ. ದೂರದಲ್ಲಿ ಬತ್ತಿ ಇಟ್ಟು, ಆಚೆ ಬದಿಯಲ್ಲಿ ರಟ್ಟನ್ನು ಸರಿಸುತ್ತಾ ಹೋಗಿ. 15 ಸೆಂ.ಮೀ.ಗೆ ಬಂದಾಗ ಜ್ವಾಲೆ ಸ್ಪಷ್ಟವಾಗುತ್ತದೆ, ಅಳೆದರೆ ಅರ್ಧ ಗಾತ್ರ. ಬತ್ತಿಯನ್ನು 20ಕ್ಕೆ ತನ್ನಿ. ರಟ್ಟನ್ನೂ 20ಕ್ಕೇ ಇಡಬೇಕು, ಗಾತ್ರ ಸಮಸಮ. ಈಗ ಬತ್ತಿಯನ್ನು 15ಕ್ಕೆ ತನ್ನಿ. ರಟ್ಟು 30ಕ್ಕೆ ಹೋಗುತ್ತದೆ, ಜ್ವಾಲೆ ದುಪ್ಪಟ್ಟಾಗುತ್ತದೆ! 12ಕ್ಕೆ ತಂದರೆ ರಟ್ಟು 60ಕ್ಕೆ, ಜ್ವಾಲೆ ಐದು ಪಟ್ಟು. ಆದರೆ ಅಷ್ಟೇ ಬೆಳಕು ಜಾಸ್ತಿ ಜಾಗಕ್ಕೆ ಹರಡುವುದರಿಂದ ಮಂಕಾಗಿರುತ್ತದೆ.

ಲೆಕ್ಕ ಇಷ್ಟೇ: ರಟ್ಟಿನ ದೂರವನ್ನು ಬತ್ತಿಯ ದೂರದಿಂದ ಭಾಗಿಸಿ. ಬರುವ ಸಂಖ್ಯೆಯೇ ಎಷ್ಟು ಪಟ್ಟು ಎನ್ನುವುದು.

ಇಲ್ಲಿ ಸ್ವಲ್ಪ ಹೊತ್ತು ಸುಮ್ನೆ ನೋಡುತ್ತಾ ಕೂರಬೇಕು. ಜ್ವಾಲೆಯನ್ನು ಮೆಲ್ಲಗೆ ಊದಿ, ಅದು ಎಡಕ್ಕೆ ಬಾಗಿದರೆ ಗೋಡೆಯ ಜ್ವಾಲೆ ಬಲಕ್ಕೆ ಬಾಗುತ್ತದೆ. ಬತ್ತಿ ಕರಗಿ ಕೆಳಗಿಳಿದಂತೆ ಬಿಂಬ ಮೇಲೇರುತ್ತದೆ. ಈಗ ಗಾಜಿನ ಅರ್ಧ ಭಾಗವನ್ನು ಕಾಗದದಿಂದ ಮುಚ್ಚಿ. ಜ್ವಾಲೆಯೂ ಅರ್ಧ ಆಗುತ್ತದೆ ಅನ್ನಿಸುತ್ತದೆ, ಅಲ್ವಾ? ಆಗುವುದಿಲ್ಲ. ಪೂರ್ತಿ ಜ್ವಾಲೆ ಹಾಗೇ ಇರುತ್ತದೆ, ಬೆಳಕು ಮಾತ್ರ ಕಡಿಮೆ. ಜ್ವಾಲೆಯ ಪ್ರತಿ ಬಿಂದುವಿನ ಬೆಳಕೂ ಗಾಜಿನ ಎಲ್ಲ ಕಡೆಗೂ ಬೀಳುತ್ತಿರುತ್ತದೆ. ಹಾಗಾಗಿ ಬಿಂಬದ ಗಾತ್ರ ಗಾಜಿನ ಅಗಲದಲ್ಲಿಲ್ಲ, ದೂರಗಳಲ್ಲಿದೆ.

ಬತ್ತಿಯನ್ನು 10 ಸೆಂ.ಮೀ.ಗಿಂತ ಹತ್ತಿರ ತಂದರೆ ರಟ್ಟಿನ ಮೇಲೆ ಏನೂ ಮೂಡುವುದಿಲ್ಲ. ಗಾಜಿನೊಳಗಿಂದ ನೋಡಿದರೆ ನೇರವಾಗಿ, ದೊಡ್ಡದಾಗಿ ಕಾಣುತ್ತದೆ. ನಾವು ಸಣ್ಣ ಅಕ್ಷರ ಓದುವುದು ಹೀಗೆಯೇ.

ನಿಮ್ನ ದರ್ಪಣಕ್ಕೂ, ಅಂದರೆ ಶೇವಿಂಗ್ ಕನ್ನಡಿಯಂತೆ ಒಳಕ್ಕೆ ಬಾಗಿದ ಕನ್ನಡಿಗೂ ಇದೇ ಲೆಕ್ಕ, ಬಿಂಬ ಬತ್ತಿಯಿರುವ ಕಡೆಗೇ ಬೀಳುತ್ತದೆ ಅಷ್ಟೇ. ಶೇವಿಂಗ್ ಕನ್ನಡಿಯ ಸಂಗಮ ದೂರ 30 ಸೆಂ.ಮೀ. ಇದ್ದರೆ, 15 ಸೆಂ.ಮೀ.ನಲ್ಲಿಟ್ಟ ಮುಖ ಎರಡು ಪಟ್ಟು ದೊಡ್ಡದಾಗಿ ಕಾಣುತ್ತದೆ. ಹಿಂದೆ ಸರಿದರೆ ಮುಖ ಕಲಸಿಹೋಗುತ್ತದೆ, ಇನ್ನೂ ದೂರ ಹೋದರೆ ತಲೆಕೆಳಗಾಗುತ್ತದೆ.

ಕೊನೆಯದನ್ನು ಹುಣ್ಣಿಮೆಗೆ ಇಟ್ಟುಕೊಳ್ಳಿ. ಚಂದ್ರನನ್ನು ಹತ್ತಿರ ತರಲಾಗುವುದಿಲ್ಲ, ಹಾಗಾಗಿ ಬಿಂಬದ ಗಾತ್ರ ಸಂಗಮ ದೂರವೊಂದರ ಮೇಲೇ ನಿಂತಿದೆ, ಅದರ ಸುಮಾರು 110ನೇ ಒಂದು ಭಾಗ. ನಿಮ್ಮ ಭೂತಗನ್ನಡಿ ಕಾಗದದ ಮೇಲೆ ಒಂದು ಮಿಲಿಮೀಟರಿಗೂ ಚಿಕ್ಕ ಚಂದ್ರನನ್ನು ಇಳಿಸುತ್ತದೆ. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ತಮಿಳುನಾಡಿನ ಕಾವಲೂರಿನಲ್ಲಿ ಇಟ್ಟಿರುವ ವೇಣು ಬಾಪು ದೂರದರ್ಶಕದ 2.34 ಮೀಟರ್ ಕನ್ನಡಿಯ ಸಂಗಮ ದೂರ ಸುಮಾರು 7.6 ಮೀಟರ್. ಅಲ್ಲಿ ಅದೇ ಚಂದ್ರ ಹೆಚ್ಚುಕಡಿಮೆ 7 ಸೆಂ.ಮೀ. ಅಗಲ.